ಸೋಮವಾರಕ್ಕೊಂದು ಡಬ್ಬಿ ಹುಳಿ: ಮ್ಯೂನಿಕ್‌ನ ನೌಕರಿಯ ನಡುವೆ ಊರು ಸುತ್ತಿ ಚೆನ್ನಾಗಿ ಉಣ್ಣುವ ಬಗೆ

ವಿದೇಶದಲ್ಲಿ ನೌಕರಿಗೆ ಸೇರಿದವರಲ್ಲಿ ಎರಡು ಬಗೆ. ಕೆಲವರು ಮೊದಲ ವರ್ಷವೆಲ್ಲ ಮನೆ ಮತ್ತು ಕಚೇರಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕೆಲವರು ಶನಿವಾರಕ್ಕೊಂದು ಊರಿನಂತೆ ಓಡಾಡಿ ಮೂರನೆಯ ತಿಂಗಳಿಗೆ ಸುಸ್ತಾಗಿ ಕೂರುತ್ತಾರೆ. ನಾನು ಎರಡನೆಯ ಬಗೆಯವನು. ಮ್ಯೂನಿಕ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ಇಟಲಿಯ ವೆರೋನಾಕ್ಕೆ ಹೋಗಿ ಭಾನುವಾರ ಸಂಜೆಯ ರೈಲು ಹಿಡಿದೆ. ಅದು ಆಲ್ಪ್ಸ್ ಬೆಟ್ಟಗಳ ನಡುವಿನ ಬ್ರೆನ್ನರ್ ಕಣಿವೆಯಲ್ಲಿ ಕಾರಣ ಹೇಳದೆ ನಿಂತುಬಿಟ್ಟಿತು, ಮನೆಯ ಬೀಗ ತೆಗೆದಾಗ ರಾತ್ರಿ ಒಂದೂವರೆಯಾಗಿತ್ತು. ಫ್ರಿಜ್ಜಿನಲ್ಲಿ ಅರ್ಧ ನಿಂಬೆಹಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ, ಬೆಳಗ್ಗೆ ಎಂಟಕ್ಕೆ ಬೆಂಗಳೂರಿನ ತಂಡದೊಂದಿಗೆ ಮೀಟಿಂಗ್ ಇತ್ತು. ವೆರೋನಾದ ರಂಗಮಂದಿರ ನನಗೆ ಈಗ ಮಸುಕು ಮಸುಕಾಗಿ ನೆನಪಿದೆ. ಒಣಗಿದ ಬ್ರೆಡ್ಡಿಗೆ ಮಾವಿನಕಾಯಿ ಉಪ್ಪಿನಕಾಯಿ ಸವರಿಕೊಂಡು ನಿಂತೇ ತಿಂದದ್ದು ಮಾತ್ರ ನಿಚ್ಚಳವಾಗಿ ನೆನಪಿದೆ.

ಅಂದಿನಿಂದ ನಾನು ಪ್ರವಾಸವನ್ನು ಅಳೆಯುವುದು ಸೋಮವಾರ ಬೆಳಗ್ಗೆ. ಹೊಟ್ಟೆ ತುಂಬಿ, ನಿದ್ದೆ ಮುಗಿದು, ಒಗೆದ ಅಂಗಿ ತೊಟ್ಟು ಕೆಲಸಕ್ಕೆ ಕೂರುವಂತಿದ್ದರೆ ಆ ಪ್ರವಾಸ ಚೆನ್ನಾಗಿ ಆಯಿತು ಎಂದು ಲೆಕ್ಕ. ಆದ್ದರಿಂದ ಮುಂದೆ ಹೇಳುವ ವಿಧಾನವೆಲ್ಲ ಸೋಮವಾರದಿಂದ ಹಿಂದಕ್ಕೆ ನಡೆಯುತ್ತದೆ. ಉದಾಹರಣೆಗಳು ಮ್ಯೂನಿಕ್‌ನವು, ಜರ್ಮನಿಯ ಬೇರೆ ನಗರಗಳಲ್ಲಿರುವವರು ಊರುಗಳ ಹೆಸರನ್ನು ಬದಲಿಸಿಕೊಂಡರೆ ಬಹುಪಾಲು ಹಾಗೆಯೇ ಹೊಂದುತ್ತದೆ.

ರಜೆಯನ್ನು ಜನವರಿಯಲ್ಲೇ ಹಂಚಿಕೊಳ್ಳಿ

ವಾರಕ್ಕೆ ಐದು ದಿನ ದುಡಿಯುವವರಿಗೆ ಜರ್ಮನಿಯ ಕಾನೂನು ವರ್ಷಕ್ಕೆ ಕನಿಷ್ಠ 20 ದಿನಗಳ ಸಂಬಳಸಹಿತ ರಜೆಯನ್ನು ಕೊಡುತ್ತದೆ. ಕಂಪನಿಗಳ ಕರಾರುಪತ್ರಗಳಲ್ಲಿ 28ರಿಂದ 30 ದಿನ ಇರುವುದು ಸಾಮಾನ್ಯ. ಇದರ ಮೇಲೆ ಮ್ಯೂನಿಕ್‌ನಲ್ಲಿ 13 ಸಾರ್ವಜನಿಕ ರಜೆಗಳಿವೆ. ಆದರೆ ಶನಿವಾರ, ಭಾನುವಾರ ಬಿದ್ದ ರಜೆಗೆ ಬದಲಿ ದಿನ ಸಿಗುವುದಿಲ್ಲ. 2026ರಲ್ಲಿ ಆಗಸ್ಟ್ 15 ಮತ್ತು ಅಕ್ಟೋಬರ್ 3 ಶನಿವಾರವೂ ನವೆಂಬರ್ 1 ಭಾನುವಾರವೂ ಬೀಳುವುದರಿಂದ ವರ್ಷದ ಉತ್ತರಾರ್ಧ ಬರಡು, ಫಲವತ್ತಾದ ಕಾಲವೆಲ್ಲ ಏಪ್ರಿಲ್‌ನಿಂದ ಜೂನ್‌ವರೆಗೆ. ಇದನ್ನು ಜನವರಿಯಲ್ಲೇ ನೋಡಿಕೊಂಡವರಿಗೂ ಮೇ ತಿಂಗಳಲ್ಲಿ ಎಚ್ಚರಾದವರಿಗೂ ಸಿಗುವ ರಜೆ ಒಂದೇ ಸಂಖ್ಯೆಯದಾದರೂ ಸುತ್ತುವ ದಿನಗಳು ಒಂದೇ ಅಲ್ಲ.

ಗುರುವಾರ ರಜೆ ಬಂದಾಗ ನಡುವಿನ ಶುಕ್ರವಾರವನ್ನು ಜರ್ಮನರು ಬ್ರೂಕನ್‌ಟಾಗ್, ಎಂದರೆ ಸೇತುವೆಯ ದಿನ, ಎಂದು ಕರೆಯುತ್ತಾರೆ. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ ಎಂದೆಂದಿಗೂ ಗುರುವಾರವೇ ಬರುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಫ್ರೋನ್‌ಲೈಕ್‌ನಾಮ್ ಎಂಬ ಕ್ಯಾಥೊಲಿಕ್ ಹಬ್ಬವೂ ಹಾಗೆಯೇ. 2026ರಲ್ಲಿ ಇವು ಮೇ 14 ಮತ್ತು ಜೂನ್ 4. ಒಂದೊಂದು ದಿನ ರಜೆ ಹಾಕಿದರೆ ನಾಲ್ಕು ನಾಲ್ಕು ದಿನ ಸಿಗುತ್ತವೆ. ಇನ್ನೂ ಧಾರಾಳವಾದದ್ದು ಮೇ 25ರ ಪೆಂಟೆಕೋಸ್ಟ್ ಸೋಮವಾರದ ರಜೆಯಿಂದ ಜೂನ್ 4ರವರೆಗಿನ ಅವಧಿ: ನಡುವಿನ ಏಳು ಕೆಲಸದ ದಿನಗಳಿಗೂ ಜೂನ್ 5ರ ಶುಕ್ರವಾರಕ್ಕೂ ಸೇರಿ ಎಂಟು ದಿನ ರಜೆ ಬರೆದರೆ ಮೇ 23ರಿಂದ ಜೂನ್ 7ರವರೆಗೆ ಹದಿನಾರು ದಿನ ನಿಮ್ಮದಾಗುತ್ತದೆ. ಊರಿಗೆ ಹೋಗಿ ಕೊನೆಯ ಮಾವಿನಹಣ್ಣು ತಿಂದು ಬರಲು ಇದಕ್ಕಿಂತ ಅಗ್ಗದ ಲೆಕ್ಕ ಸಿಗದು. ಒಂದು ತೊಡಕಿದೆ: ಬವೇರಿಯಾದ ಶಾಲೆಗಳಿಗೂ ಅದೇ ಎರಡು ವಾರ ರಜೆಯಾದ್ದರಿಂದ ವಿಮಾನದ ದರ ಏರಿರುತ್ತದೆ, ಇಟಲಿಯ ಕಡೆಗಿನ ರೈಲುಗಳು ಮಕ್ಕಳಿಂದ ತುಂಬಿರುತ್ತವೆ. ಮಕ್ಕಳಿಲ್ಲದವರು ಈ ಎರಡು ವಾರಗಳನ್ನು ಸಹೋದ್ಯೋಗಿ ತಂದೆತಾಯಿಯರಿಗೆ ಬಿಟ್ಟುಕೊಟ್ಟು ಈಸ್ಟರ್‌ನ ಹಿಂದಿನ ವಾರವನ್ನೋ ಸೆಪ್ಟೆಂಬರ್ ಕೊನೆಯನ್ನೋ ಕೇಳಿದರೆ, ಮುಂದೆಂದಾದರೂ ನಿಮಗೆ ತುರ್ತಾಗಿ ಊರಿಗೆ ಹೋಗಬೇಕಾದಾಗ ಅವರು ನಿಮ್ಮ ಕೆಲಸವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

ನನ್ನ ಹಂಚಿಕೆ ಹೀಗಿದೆ: 30 ದಿನಗಳಲ್ಲಿ ಅರ್ಧ ಊರಿಗೆ, ಐದು ದಿನ ಒಂದೇ ದೀರ್ಘ ಪ್ರವಾಸಕ್ಕೆ, ಉಳಿದ ಹತ್ತನ್ನು ಬಿಡಿಬಿಡಿಯಾಗಿ ಶುಕ್ರವಾರ ಅಥವಾ ಸೋಮವಾರಗಳಿಗೆ. ಅವುಗಳಲ್ಲಿ ಸೋಮವಾರಗಳೇ ಹೆಚ್ಚು. ಶುಕ್ರವಾರ ರಜೆ ಹಾಕಿದರೆ ಎಲ್ಲರ ಜೊತೆ ಭಾನುವಾರ ಸಂಜೆ ನೂಕುನುಗ್ಗಲಿನಲ್ಲಿ ಹಿಂದಿರುಗಬೇಕು. ಸೋಮವಾರ ಹಾಕಿದರೆ ಖಾಲಿ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಬರಬಹುದು. ರಜೆಯಲ್ಲಿದ್ದಾಗ ಕಾಯಿಲೆ ಬಿದ್ದು ವೈದ್ಯರ ಪ್ರಮಾಣಪತ್ರ ಪಡೆದರೆ ಆ ದಿನಗಳು ರಜೆಯ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಕೇಳಲು ಸಂಕೋಚಪಡಬೇಡಿ, ಅದು ಕಾನೂನಿನಲ್ಲೇ ಬರೆದಿದೆ.

ವಾರದ ಕೆಲಸಕ್ಕೆ ಇಳಿಜಾರು ಕೊಡಿ

ಬೆಂಗಳೂರಿನ ತಂಡದೊಂದಿಗೆ ಕೆಲಸ ಮಾಡುವವರಿಗೆ ಗಡಿಯಾರವೇ ಒಂದು ಉಪಕಾರ ಮಾಡಿದೆ. ಬೇಸಿಗೆಯಲ್ಲಿ ನಮಗಿಂತ ಭಾರತ ಮೂರೂವರೆ ಗಂಟೆ ಮುಂದಿರುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ಸಂಜೆ ಆರೂವರೆಗೆ ಜನ ಕಂಪ್ಯೂಟರ್ ಮುಚ್ಚಿದರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಮೂರು, ಚಳಿಗಾಲದಲ್ಲಿ ಎರಡು. ಎಂದರೆ ಶುಕ್ರವಾರ ಮಧ್ಯಾಹ್ನದ ನಂತರ ನಿಮ್ಮನ್ನು ಹುಡುಕುವವರು ಕಡಿಮೆ. ಕಷ್ಟದ ಮೀಟಿಂಗ್‌ಗಳನ್ನೆಲ್ಲ ಮಂಗಳವಾರ, ಬುಧವಾರದ ಬೆಳಗ್ಗೆಗೆ ತಂದಿಟ್ಟು, ಶುಕ್ರವಾರಕ್ಕೆ ಓದುವ, ಬರೆಯುವ, ಪರಿಶೀಲಿಸುವ ಕೆಲಸಗಳನ್ನಷ್ಟೇ ಉಳಿಸಿಕೊಂಡರೆ ನಾಲ್ಕು ಗಂಟೆಯ ರೈಲು ಹಿಡಿಯುವುದು ಕದ್ದು ಹೋದಂತೆ ಆಗುವುದಿಲ್ಲ. ಶುಕ್ರವಾರ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುವ ಅಭ್ಯಾಸವಿರುವ ತಂಡದಲ್ಲಿ ನೀವಿದ್ದರೆ, ಪ್ರವಾಸದ ಯೋಜನೆಗಿಂತ ಮೊದಲು ಆ ಅಭ್ಯಾಸವನ್ನು ಬಿಡಿಸುವ ಯೋಜನೆ ಹಾಕಿ.

ಇಲ್ಲಿನ ಕೆಲಸದ ಅವಧಿಯ ಕಾನೂನು ದಿನಕ್ಕೆ ಎಂಟು ಗಂಟೆಯನ್ನು ಮೂಲವಾಗಿ ಇಟ್ಟು, ನಂತರ ಸರಿದೂಗಿಸುವ ಷರತ್ತಿನ ಮೇಲೆ ಹತ್ತು ಗಂಟೆಯವರೆಗೆ ಬಿಡುತ್ತದೆ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಹನ್ನೊಂದು ಗಂಟೆಗಳ ವಿಶ್ರಾಂತಿಯನ್ನು ಕಡ್ಡಾಯ ಮಾಡಿದೆ. ಗ್ಲೈಟ್‌ಟ್ಸೈಟ್ ಎನ್ನುವ ಹೊಂದಿಕೆಯ ಸಮಯದ ಪದ್ಧತಿಯಿರುವ ಕಚೇರಿಗಳಲ್ಲಿ ಸೋಮವಾರದಿಂದ ಗುರುವಾರದವರೆಗೆ ತಲಾ ಮುಕ್ಕಾಲು ಗಂಟೆ ಹೆಚ್ಚು ದುಡಿದರೆ ಶುಕ್ರವಾರ ಮೂರು ಗಂಟೆ ಉಳಿಯುತ್ತದೆ. ಹೀಗೆ ಉಳಿಸಿದ ಸಮಯವನ್ನು ಸರಿಯಾಗಿ ದಾಖಲಿಸಿ, ಹೊರಡುವ ಸಮಯವನ್ನು ಬುಧವಾರವೇ ತಂಡದ ಕ್ಯಾಲೆಂಡರಿನಲ್ಲಿ ಹಾಕಿಡಿ. ಬೇಗ ಹೊರಟು ಹೋಗುವುದು ಜರ್ಮನ್ ಮೇಲಧಿಕಾರಿಗಳಿಗೆ ತಪ್ಪಾಗಿ ಕಾಣುವುದಿಲ್ಲ, ಹೇಳದೆ ಹೋಗುವುದು ಕಾಣುತ್ತದೆ. ಲ್ಯಾಪ್‌ಟಾಪ್ ಹೊತ್ತೊಯ್ದು ಇಟಲಿಯ ಹೋಟೆಲಿನಿಂದ ಎರಡು ದಿನ ಕೆಲಸ ಮಾಡಿದರಾಯಿತು ಎಂಬ ಯೋಚನೆ ಬಂದರೆ, ಅದಕ್ಕೆ ಕಂಪನಿಯ ಅನುಮತಿ ಬೇಕು; ಸಾಮಾಜಿಕ ವಿಮೆಯ ಎ1 ಪ್ರಮಾಣಪತ್ರ ಮತ್ತು ತೆರಿಗೆಯ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ನನ್ನ ಮಟ್ಟಿಗೆ ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತದೆ.

ಬಟ್ಟೆ ಒಗೆಯುವುದನ್ನು ಗುರುವಾರವೇ ಮುಗಿಸಿ. ಭಾನುವಾರ ಇಲ್ಲಿ ಮೌನದ ದಿನ. ಬಹಳಷ್ಟು ಕಟ್ಟಡಗಳ ನಿಯಮಪತ್ರದಲ್ಲಿ ಅಂದು ವಾಷಿಂಗ್ ಮಷೀನ್ ಹಾಕಕೂಡದೆಂದು ಬರೆದಿರುತ್ತದೆ. ಅಂಗಡಿಗಳೂ ಭಾನುವಾರ ಮುಚ್ಚಿರುತ್ತವೆ, ಬವೇರಿಯಾದಲ್ಲಿ ಉಳಿದ ದಿನ ರಾತ್ರಿ ಎಂಟಕ್ಕೆ ಬಾಗಿಲು. ಭಾನುವಾರ ಹಿಂದಿರುಗುವವರಿಗೆ ರೈಲು ನಿಲ್ದಾಣದೊಳಗಿನ ಅಂಗಡಿಯೊಂದೇ ಗತಿ.

ರೈಲಿನ ಲೆಕ್ಕ

ಸಂಬಳದ ಊರಿನಿಂದ ಸುತ್ತುವ ಊರಿಗೆ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಗಂಟೆ ಎಂಬುದೇ ಮುಖ್ಯ. ಶನಿವಾರ ಒಂದೇ ದಿನವಿದ್ದರೆ ಒಂದು ಕಡೆಗೆ ಎರಡು ಗಂಟೆ ಮೀರಬಾರದು. ರಾತ್ರಿ ತಂಗುವುದಾದರೆ ನಾಲ್ಕು, ನಾಲ್ಕೂವರೆ. ಐದು ಮೀರಿದರೆ ಒಂದು ದಿನ ರಜೆ ಸೇರಿಸಲೇಬೇಕು. ಎರಡು ಗಂಟೆಯ ಸುತ್ತಿನಲ್ಲಿ ರೇಗನ್ಸ್‌ಬುರ್ಗ್, ಗಾರ್ಮಿಶ್, ಮಿಟ್ಟನ್‌ವಾಲ್ಡ್, ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ಮತ್ತು ಕುಫ್‌ಸ್ಟೈನ್ ಇವೆ. ಇವಿಷ್ಟಕ್ಕೂ ಡಾಯ್ಚ್‌ಲಾಂಡ್‌ಟಿಕೆಟ್ ಸಾಕು: 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಈ ಮಾಸಿಕ ಟಿಕೆಟ್ 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಗಿದೆ. ದಿನವೂ ಕಚೇರಿಗೆ ಹೋಗಲು ಹೇಗಿದ್ದರೂ ಅದನ್ನು ಕೊಂಡಿರುವವರಿಗೆ ಶನಿವಾರದ ಪ್ರಯಾಣ ಪುಕ್ಕಟೆಯಾದಂತೆಯೇ. ವೇಗದ ಐಸಿಇ, ಐಸಿ ರೈಲುಗಳಿಗೆ ಅದು ನಡೆಯುವುದಿಲ್ಲ.

ದೂರದ ರೈಲಿನ ಅಗ್ಗದ ಟಿಕೆಟ್‌ಗಳು ನಿಗದಿತ ರೈಲಿಗೆ ಮಾತ್ರ ಸಲ್ಲುತ್ತವೆ. ಆದರೆ ತಲುಪುವ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುವುದೆಂದು ಖಚಿತವಾದರೆ ಆ ಕಟ್ಟು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು. ಸಾಮಾನ್ಯವಾಗಿ 60 ನಿಮಿಷ ತಡವಾದರೆ ಟಿಕೆಟ್ಟಿನ ಕಾಲು ಭಾಗ, 120 ನಿಮಿಷವಾದರೆ ಅರ್ಧ ಹಣ ವಾಪಸು ಕೇಳಬಹುದು. ಹಣ ವಾಪಸು ಬಂದರೂ ನಿದ್ದೆ ವಾಪಸು ಬರುವುದಿಲ್ಲವಾದ್ದರಿಂದ ನಾನು ಪಾಲಿಸುವ ಕಟ್ಟುನಿಟ್ಟಿನ ನಿಯಮ ಎರಡು. ರೈಲು ಬದಲಿಸುವ ಕಡೆ ಯಂತ್ರ ತೋರಿಸುವ ಎಂಟು ನಿಮಿಷದ ಅಂತರವನ್ನು ನಂಬದೆ ಅರ್ಧ ಗಂಟೆ ಇರುವ ಜೋಡಣೆಯನ್ನೇ ಕೊಳ್ಳುವುದು ಒಂದು. ಭಾನುವಾರ ಸಂಜೆ ಆರಕ್ಕೆ ಮನೆ ಸೇರುವ ರೈಲನ್ನೇ ಹಿಡಿಯುವುದು ಇನ್ನೊಂದು. ಆರಕ್ಕೆ ಬರಬೇಕಾದದ್ದು ಮೂರು ಗಂಟೆ ತಡವಾದರೂ ಒಂಬತ್ತಕ್ಕೆ ಹುಳಿ ಬಿಸಿ ಮಾಡಿ ಉಣ್ಣಬಹುದು.

ಗುರುವಾರ ರಾತ್ರಿಯ ಅಡುಗೆ

ಇನ್ನು ಹುಳಿಯ ವಿಷಯ. ಪ್ರವಾಸದ ವಾರದಲ್ಲಿ ಗುರುವಾರ ರಾತ್ರಿ ಒಂದೂವರೆ ಗಂಟೆ ಅಡುಗೆಗೆ ಮೀಸಲಿಡುತ್ತೇನೆ, ಆ ಒಂದೂವರೆ ಗಂಟೆ ಮುಂದಿನ ನಾಲ್ಕು ದಿನ ಕಾಯುತ್ತದೆ. ಕುಕ್ಕರಿನಲ್ಲಿ ತೊಗರಿಬೇಳೆಯನ್ನು ನಾಲ್ಕು ಸಲ ಕೂಗಿಸುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ತರಕಾರಿ ಬೇಯುತ್ತದೆ. ತರಕಾರಿ ಬಹುತೇಕ ನವಿಲುಕೋಸು. ಕೋಲ್‌ರಾಬಿ ಎಂಬ ಹೆಸರಿನಲ್ಲಿ ಅದು ಇಲ್ಲಿನ ಪ್ರತಿ ಅಂಗಡಿಯಲ್ಲೂ ಎಲೆಯ ಸಮೇತ ಸಿಗುತ್ತದೆ. ಜರ್ಮನರು ಅದನ್ನು ಹಸಿಯಾಗಿಯೇ ಕಡಿದು ತಿನ್ನುವುದನ್ನು ಕಂಡಾಗ ನನಗೆ ಮೊದಮೊದಲು ಅಯ್ಯೋ ಎನಿಸುತ್ತಿತ್ತು, ಈಗ ಹೆಚ್ಚುವಾಗ ನಾನೂ ಎರಡು ಹೋಳು ಬಾಯಿಗೆ ಹಾಕಿಕೊಳ್ಳುತ್ತೇನೆ. ಬೆಂದ ಬೇಳೆಗೆ ಹುಣಸೆರಸ, ಹುಳಿಪುಡಿ, ಚೂರು ಬೆಲ್ಲ ಹಾಕಿ ಕುದಿಸಿ, ಇಂಗಿನ ಒಗ್ಗರಣೆ ಕೊಟ್ಟು, ಪೂರ್ತಿ ಆರಿದ ಮೇಲೆ ಎರಡು ಡಬ್ಬಿಗೆ ಹಾಕುತ್ತೇನೆ. ಡಬ್ಬಿಯ ಮುಚ್ಚಳಕ್ಕೆ ಕಾಗದದ ಪಟ್ಟಿ ಅಂಟಿಸಿ ಒಂದರ ಮೇಲೆ ‘ಭಾನುವಾರ’, ಇನ್ನೊಂದರ ಮೇಲೆ ‘ಸೋಮವಾರ’ ಎಂದು ಬರೆದು ಫ್ರೀಜರಿಗೆ ಸೇರಿಸುತ್ತೇನೆ. ಆಲೂಗಡ್ಡೆ ಹಾಕಿದ ಹುಳಿಯನ್ನು ಫ್ರೀಜರಿಗೆ ಇಡಬೇಡಿ. ಕರಗಿದ ಮೇಲೆ ಹೋಳು ಹಿಟ್ಟು ಹಿಟ್ಟಾಗುತ್ತದೆ. ಅನ್ನವನ್ನೂ ಬೇಕಾದರೆ ಒಂದೊಂದು ಊಟದ ಅಳತೆಗೆ ಕಟ್ಟಿಡಬಹುದು, ಆದರೆ ಹೊಸ ಅನ್ನಕ್ಕೆ ಇಪ್ಪತ್ತು ನಿಮಿಷ ಸಾಕಾಗಿರುವಾಗ ನನಗೆ ಅದು ರುಚಿಸಿಲ್ಲ.

ಸಾಮಾನಿಗಾಗಿ ನಗರದಾಚೆಯ ಭಾರತೀಯ ಅಂಗಡಿಗೆ ಪ್ರತಿ ವಾರ ಓಡಬೇಕಾಗಿಲ್ಲ. ತುರ್ಕಿ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ, ಕೆಂಪು ಬೇಳೆ, ಕಡಲೆಕಾಳು ಧಾರಾಳವಾಗಿ ಸಿಗುತ್ತವೆ. ಬುಟರ್‌ಶ್ಮಾಲ್ಟ್ಸ್ ಎಂಬುದು ಹೆಸರಷ್ಟೇ ಬೇರೆಯಾದ ತುಪ್ಪ. ಬುಟರ್‌ಮಿಲ್ಷ್ ಎಂಬ ಮಜ್ಜಿಗೆಯಿಂದ ಮಜ್ಜಿಗೆಹುಳಿ ಒಡೆಯದೆ ಬರುತ್ತದೆ. ವೈಚ್‌ವೈಟ್ಸನ್‌ಗ್ರೀಸ್ ಎಂಬ ಬಿಳಿ ರವೆ ಉಪ್ಪಿಟ್ಟಿಗೆ ಒಗ್ಗುತ್ತದೆ. ಊರಿನಿಂದ ತರುವಾಗ ಮಾತ್ರ ಎಚ್ಚರ ಬೇಕು: ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ, ಆದ್ದರಿಂದ ಅಮ್ಮ ಕಾಸಿಕೊಟ್ಟ ತುಪ್ಪವೂ ಧಾರವಾಡದ ಪೇಡೆಯೂ ಸುಂಕದ ಕಟ್ಟೆಯಲ್ಲಿ ಉಳಿಯುತ್ತವೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ ಆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿಗಳನ್ನು ತನ್ನಿ. ಕರಿಬೇವನ್ನು ಚಟ್ನಿಪುಡಿಯೊಳಗೆ ಹುರಿದು ಸೇರಿಸಿ ತರುವುದೇ ಜಾಣತನ.

ದಾರಿಯ ಬುತ್ತಿಗೆ ನನ್ನ ಆಯ್ಕೆ ಎರಡು. ಶುಕ್ರವಾರದ ರೈಲಿಗೆ ಪುಳಿಯೋಗರೆ. ಗೊಜ್ಜು ಬಾಟಲಿಯಲ್ಲಿ ಸಿದ್ಧವಿದ್ದರೆ ಹತ್ತು ನಿಮಿಷದ ಕೆಲಸ, ಮರುದಿನ ಬೆಳಗಿನವರೆಗೂ ಕೆಡುವುದಿಲ್ಲ. ಹೋಟೆಲಿನ ಕೋಣೆಗೆ ಹುರಿದು ಒಗ್ಗರಣೆ ಕೊಟ್ಟಿಟ್ಟ ರವೆಯ ಪೊಟ್ಟಣ. ಕೋಣೆಯ ಕೆಟಲಿನಲ್ಲಿ ಕುದಿಸಿದ ನೀರನ್ನು ಡಬ್ಬಿಗೆ ಸುರಿದು ಐದು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು. ಇದು ಜಿಪುಣತನವಲ್ಲ: ಬೆಳಗಿನ ತಿಂಡಿಯನ್ನು ಹೀಗೆ ಮುಗಿಸಿದರೆ, ಉಳಿದ ಹಣವೂ ಹಸಿವೂ ಆ ಊರಿನ ಒಂದು ಒಳ್ಳೆಯ ಮಧ್ಯಾಹ್ನದ ಊಟಕ್ಕೆ ಸಲ್ಲುತ್ತವೆ.

ಒಂದು ಊರಿಗೆ ಒಂದು ಊಟ

ಹೋದ ಊರಿನಲ್ಲಿ ಮೂರು ಹೊತ್ತೂ ವಿಶೇಷವಾಗಿ ತಿನ್ನುವ ಆಸೆ ಬೇಡ. ಒಂದೇ ಊಟವನ್ನು ಆರಿಸಿ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟ ರಾತ್ರಿಗಿಂತ ಅಗ್ಗ: ಜರ್ಮನಿಯಲ್ಲಿ ವಾರದ ದಿನಗಳ ಮಿಟಾಗ್ಸ್‌ಟಿಶ್, ಸ್ಪೇನಿನಲ್ಲಿ ಮೆನು ದೆಲ್ ದಿಯಾ, ಫ್ರಾನ್ಸಿನಲ್ಲಿ ಆ ದಿನದ ತಟ್ಟೆ ಎಂಬ ಹೆಸರುಗಳಲ್ಲಿ ಅದೇ ಅಡುಗೆಮನೆಯ ಊಟ ಕಡಿಮೆ ಬೆಲೆಗೆ ಸಿಗುತ್ತದೆ. ಸಮಯ ಮಾತ್ರ ದೇಶಕ್ಕೊಂದು ರೀತಿ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಎರಡು ಗಂಟೆಗೆ ಅಡುಗೆಮನೆ ಮುಚ್ಚುತ್ತದೆ, ಸ್ಪೇನಿನಲ್ಲಿ ಎರಡಕ್ಕೆ ಜನ ಊಟಕ್ಕೆ ಹೊರಡುತ್ತಾರೆ. ಜರ್ಮನಿಯ ಊಟದ ಮನೆಗಳಿಗೆ ವಾರಕ್ಕೊಂದು ವಿಶ್ರಾಂತಿಯ ದಿನವಿರುತ್ತದೆ, ಅದು ಹಲವೆಡೆ ಸೋಮವಾರ. ಸೋಮವಾರ ರಜೆ ಹಾಕಿದವರು ಅಂದಿನ ಊಟವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ನನ್ನ ಮಟ್ಟಿಗೆ ಈ ಲೆಕ್ಕಕ್ಕೆಲ್ಲ ಸರಿಯಾಗಿ ಕೂತ ಊರು ಬೊಲ್ಜಾನೊ. ಮ್ಯೂನಿಕ್‌ನಿಂದ ನೇರ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಮೊದಲ ಮಹಾಯುದ್ಧದ ನಂತರ 1919ರ ಒಪ್ಪಂದದಲ್ಲಿ ಆಸ್ಟ್ರಿಯಾದಿಂದ ಇಟಲಿಗೆ ಹೋದ ದಕ್ಷಿಣ ಟಿರೋಲ್‌ನ ರಾಜಧಾನಿ ಅದು. ಬೀದಿಯ ಹೆಸರು, ಊಟದ ಪಟ್ಟಿ, ಜನರ ಮಾತು ಎಲ್ಲವೂ ಎರಡು ಭಾಷೆಯಲ್ಲಿ. ಹಣ್ಣಿನ ಮಾರುಕಟ್ಟೆಯ ಹಿಂದಿನ ಕಮಾನಿನ ಕೆಳಗೆ, ಗೋಡೆಗೆ ಒತ್ತಿದ ಬೆಂಚಿನಲ್ಲಿ ಕೂತು ಪಾಲಕ್ ಕ್ನೋಡೆಲ್ ಹೇಳಿದೆ. ಹಳೆಯ ಬ್ರೆಡ್ಡಿಗೆ ಪಾಲಕ್, ಮೊಟ್ಟೆ, ಹಾಲು ಕಲಸಿ ಉಂಡೆ ಕಟ್ಟಿ ಬೇಯಿಸಿದ್ದು; ತಟ್ಟೆಯಲ್ಲಿ ಮೂರು ಹಸಿರು ಉಂಡೆ, ಅದರ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಬಿಸಿ ಬೆಣ್ಣೆ, ಮೇಲೆ ತುರಿದ ಚೀಸ್. ನುಚ್ಚಿನುಂಡೆಗೆ ತುಪ್ಪ ಹಾಕಿಕೊಂಡು ತಿಂದವರಿಗೆ ಅದು ಪರಕೀಯವೆನಿಸದು. ಬಡಿಸಿದಾಕೆ ನನ್ನ ಜರ್ಮನ್‌ಗೆ ಇಟಾಲಿಯನ್‌ನಲ್ಲಿ ಉತ್ತರಿಸಿ, ಪಕ್ಕದ ಮೇಜಿನವರ ಇಟಾಲಿಯನ್‌ಗೆ ಜರ್ಮನ್‌ನಲ್ಲಿ ಉತ್ತರಿಸುತ್ತಿದ್ದಳು.

ಸಸ್ಯಾಹಾರಿಗಳಿಗೆ ಕೆಲವು ಎಚ್ಚರಿಕೆಗಳು. ಆಲ್ಪ್ಸ್ ಸುತ್ತಿನ ಊರುಗಳಲ್ಲಿ ‘ಮಾಂಸವಿಲ್ಲ’ ಎಂದರೆ ದೊಡ್ಡ ತುಂಡು ಇಲ್ಲವೆಂದಷ್ಟೇ ಅರ್ಥವಾಗುವುದುಂಟು. ಸ್ಪೆಕ್ ಎಂಬ ಹೊಗೆಯಾಡಿಸಿದ ಹಂದಿಮಾಂಸದ ಚೂರು ಸೂಪಿನಲ್ಲೂ ಆಲೂಗಡ್ಡೆಯಲ್ಲೂ ಬರುತ್ತದೆ, ಸೂಪಿನ ತಳನೀರು ಮಾಂಸದ್ದಾಗಿರಬಹುದು. ಆದ್ದರಿಂದ ಸ್ಪೆಕ್ ಇದೆಯೇ, ತಳನೀರು ಯಾವುದರದ್ದು ಎಂದು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ. ಕಟ್ಟುನಿಟ್ಟಾಗಿ ಇರುವವರು ಪಾರ್ಮೆಸಾನ್ ಚೀಸಿನಲ್ಲಿ ಕರುವಿನ ಜಠರದ ಕಿಣ್ವವಿರುವುದನ್ನೂ ತಿಳಿದಿರಬೇಕು. ಕೇಸ್‌ಶ್ಪೆಟ್ಸ್‌ಲೆ ಎಂಬ ಚೀಸಿನ ಶಾವಿಗೆಯಂಥ ತಿನಿಸು, ಹುರಿದ ಈರುಳ್ಳಿಯೊಡನೆ, ಎಲ್ಲ ಕಡೆ ಸಿಗುತ್ತದೆ. ಏಪ್ರಿಲ್ ನಡುವಿನಿಂದ ಜೂನ್ 24ರವರೆಗೆ ಬಿಳಿ ಶತಾವರಿ ಚಿಗುರಿನ ಕಾಲ. ಆ ಎರಡು ತಿಂಗಳು ಬವೇರಿಯಾದ ಯಾವ ಊರಿಗೆ ಹೋದರೂ ಅದನ್ನೇ ಹೇಳಿ.

ಪ್ರವಾಸವಿಲ್ಲದ ವಾರಾಂತ್ಯಗಳೂ ಬೇಕು, ತಿಂಗಳಿಗೆ ಎರಡಾದರೂ. ಆಗ ಬಿಯರ್‌ಗಾರ್ಟನ್‌ಗೆ ಹೋಗಿ. 1812ರಲ್ಲಿ ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ ಯೋಸೆಫ್, ಬಿಯರ್ ತಯಾರಕರು ತಮ್ಮ ನೆಲಮಾಳಿಗೆಗಳ ಬಳಿ ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರಕೂಡದೆಂದು ಅಪ್ಪಣೆ ಮಾಡಿದ. ಅಂದಿನಿಂದ ಜನ ತಮ್ಮ ತಿಂಡಿಯನ್ನು ತಾವೇ ಕಟ್ಟಿಕೊಂಡು ಬರುವ ರೂಢಿ ಉಳಿದಿದೆ. ಪಾನೀಯವನ್ನು ಅಲ್ಲೇ ಕೊಳ್ಳಬೇಕು, ಬಟ್ಟೆ ಹಾಸದ ಮೇಜಿನಲ್ಲಿ ಕೂರಬೇಕು, ಅಷ್ಟೇ ನಿಯಮ. ಬಿಯರ್ ಕುಡಿಯದವರಿಗೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ಇದೆ. ಚೆಸ್ಟ್‌ನಟ್ ಮರದ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಎದುರಿನ ಮುದುಕ ಮೂಲಂಗಿಯ ಸುರುಳಿಯನ್ನು ನನ್ನ ಕಡೆ ತಳ್ಳಿ, ನನ್ನ ಡಬ್ಬಿಯಿಂದ ಕಡಲೆಕಾಯಿ ಬೀಜವನ್ನಷ್ಟೇ ಆರಿಸಿ ತಿಂದ.

ಕಿಸೆಯಲ್ಲಿರಬೇಕಾದ ಕಾಗದಗಳು

ಜರ್ಮನಿಯ ವಾಸದ ಪರವಾನಗಿ ಇದ್ದವರು ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ವಲಯವಾಗಿ ಒಪ್ಪಂದ ಮಾಡಿಕೊಂಡ ಯುರೋಪಿನ ದೇಶಗಳಲ್ಲಿ) 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು; ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಜೊತೆಗಿರಬೇಕು, ಮೊಬೈಲಿನ ಫೋಟೋ ನಡೆಯದು. ಬ್ರಿಟನ್, ಐರ್ಲೆಂಡ್ ಇದರಲ್ಲಿ ಸೇರಿಲ್ಲ. ಪರವಾನಗಿಯ ನವೀಕರಣ ನಡೆಯುತ್ತಿರುವಾಗ ಅದನ್ನು ಕೊಡುವ ಕಚೇರಿಯಲ್ಲಿ ವಿಚಾರಿಸದೆ ಗಡಿ ದಾಟಬೇಡಿ. ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯೇ ಯುರೋಪಿಯನ್ ವಿಮಾ ಕಾರ್ಡ್ ಆಗಿದ್ದು ಒಕ್ಕೂಟದ ದೇಶಗಳಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಸಲ್ಲುತ್ತದೆ. ಮೊಬೈಲಿನ ಉಚಿತ ರೋಮಿಂಗ್ ನಿಯಮ ಮಾತ್ರ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ. ಆ ಗಡಿ ದಾಟುವ ಮೊದಲು ಮೊಬೈಲಿನ ಇಂಟರ್ನೆಟ್ ಬಂದ್ ಮಾಡಿ. ಐವತ್ತು ಯೂರೋ ನಗದು ಇರಲಿ, ಹಳ್ಳಿಯ ಊಟದ ಮನೆಗಳಲ್ಲಿ ಕಾರ್ಡ್ ತೆಗೆದುಕೊಳ್ಳದವರು ಇನ್ನೂ ಇದ್ದಾರೆ.

ಭಾನುವಾರ ಸಂಜೆ

ಮನೆ ಸೇರಿದ ಕೂಡಲೇ ಸೋಫಾದ ಮೇಲೆ ಒರಗಬೇಡಿ, ಮೊದಲ ಇಪ್ಪತ್ತು ನಿಮಿಷ ನಿಂತೇ ಇರಿ. ‘ಭಾನುವಾರ’ ಎಂದು ಬರೆದ ಡಬ್ಬಿಯನ್ನು ಬಿಸಿನೀರಿನಲ್ಲಿ ಇಳಿಸಿ, ‘ಸೋಮವಾರ’ದ್ದನ್ನು ಫ್ರೀಜರಿನಿಂದ ಫ್ರಿಜ್ಜಿಗೆ ವರ್ಗಾಯಿಸಿ, ಕುಕ್ಕರಿಗೆ ಅಕ್ಕಿ ಇಡಿ. ಅದು ಕೂಗುವಷ್ಟರಲ್ಲಿ ಚೀಲವನ್ನು ಪೂರ್ತಿ ಖಾಲಿ ಮಾಡಿ, ಟಿಕೆಟ್ಟಿನ ತಡದ ಅರ್ಜಿಯಿದ್ದರೆ ತುಂಬಿ ಕಳಿಸಿ, ಮರುದಿನದ ಮೊದಲ ಮೀಟಿಂಗ್ ಎಷ್ಟು ಗಂಟೆಗೆಂದು ಒಮ್ಮೆ ನೋಡಿ. ಕಚೇರಿಯ ಉಳಿದ ಯಾವ ಸಂದೇಶವನ್ನೂ ತೆರೆಯಬೇಡಿ. ಅಷ್ಟರಲ್ಲಿ ಹುಳಿ ಅಂಚಿನಿಂದ ಕರಗಿ ಡಬ್ಬಿಯೊಳಗೆ ಅಲುಗಾಡುತ್ತಿರುತ್ತದೆ. ಅದನ್ನು ಪಾತ್ರೆಗೆ ಸುರಿದು ಒಂದು ಕುದಿ ಬರಿಸಿ, ಮೇಲೊಂದು ಹೊಸ ಒಗ್ಗರಣೆ ಹಾಕಿ.